ಬಾಗಿಲ ಹೊರಗಿನ ಜೋಡು ನೋಡಿ ವೆಬ್‌ಸೈಟ್ ಮಾಡಿಸಿದ್ದು

ಕೊಲ್ಹಾಪುರದ ಪೇಟೆಯಲ್ಲಿ ಒಂದು ದಿನ ನಮ್ಮ ಅತ್ತೆ ತಾವೇ ಹೊಲಿದು ದಲ್ಲಾಳಿಗೆ ಕೊಟ್ಟಿದ್ದ ಚಪ್ಪಲಿಯನ್ನು ಅಂಗಡಿಯ ಗಾಜಿನೊಳಗೆ ಕಂಡರು. ಪಟ್ಟಿ ಹೆಣೆದು ಮುಗಿಸುವಾಗ ಅವರು ಒಂದು ಸುತ್ತು ಹೆಚ್ಚಿಗೆ ಹಾಕುತ್ತಾರೆ. ಆ ಸುತ್ತಿನಿಂದ ಗುರುತು ಸಿಕ್ಕಿತು. "ಇದು ನಂದ ಐತ್ರಿ" ಎಂದು ಅಂಗಡಿಯವನಿಗೆ ಹೇಳಿದರೆ, ಅವನು ನಕ್ಕು, ಇವೆಲ್ಲ ನಮ್ಮ ಕೆಲಸಗಾರರು ಮಾಡಿದ್ದು ಅಕ್ಕಾ ಎಂದು ಮರಾಠಿಯಲ್ಲಿ ಹೇಳಿ ಬಾಗಿಲ ಕಡೆ ಕೈ ತೋರಿಸಿದನಂತೆ. ನಮ್ಮೂರು ಅಥಣಿಗೆ ವಾಪಸ್ಸು ಬಂದ ಅತ್ತೆ ಆ ದಿನ ಊಟ ಮಾಡಲಿಲ್ಲ. ನಲವತ್ತು ವರ್ಷ ಹೊಲಿದರೂ ಮಾಡಿದವರು ಯಾರೆಂದು ಒಬ್ಬರಿಗೂ ಗೊತ್ತಿಲ್ಲ ಎನ್ನುವುದು ಅವರಿಗೆ ಬಹಳ ನೋವು ತಂದಿತ್ತು.

ಆ ಮನೆಯ ಸೊಸೆಯಾದ ನಾನು ಪಿಯುಸಿ ಮುಗಿಸಿ ಮೂರು ತಿಂಗಳು ಕಂಪ್ಯೂಟರ್ ಕ್ಲಾಸಿಗೆ ಹೋಗಿದ್ದೆ. ಅಷ್ಟಕ್ಕೇ ನನಗೆ ಕೊಂಬು ಬಂದಿತ್ತು. "ಒಂದ್ ವೆಬ್‌ಸೈಟ್ ಮಾಡ್ಸೂಣ್ರಿ ಅತ್ತಿ. ಯಾರ್ ಮಾಡ್ಯಾರ ಅನ್ನೂದು ಎಲ್ಲಾರಿಗೂ ಕಾಣ್ತೈತಿ" ಎಂದೆ. ನಮ್ಮ ಕಡೆಯ ಸಕ್ಕರೆ ಕಾರ್ಖಾನೆಗಳಿಗೂ ಕಾಲೇಜುಗಳಿಗೂ ಆಗಷ್ಟೇ ವೆಬ್‌ಸೈಟ್ ಬಂದಿದ್ದ ಕಾಲ ಅದು. ಚಪ್ಪಲಿಗೆ ಯಾತರ ವೆಬ್‌ಸೈಟ್ ಎಂದು ಓಣಿಯವರು ನಕ್ಕರು. ಅತ್ತೆ ನಗಲಿಲ್ಲ, ನಾಳೆಯೇ ಹೋಗಿ ಬನ್ನಿ ಎಂದರು.

ನನ್ನ ಗಂಡನಿಗೆ ಕಾರ್ಖಾನೆಯ ಪಾಳಿ ಇತ್ತು. ಹಾಗಾಗಿ ನಾನು ಮತ್ತು ಮಾವ ಹೊರಟೆವು. ಮನೆಯಲ್ಲಿ ತೊಗಲು ಕತ್ತರಿಸುವುದು ಮಾವ. ಮನುಷ್ಯರ ಮುಖ ನೋಡುವ ರೂಢಿ ಅವರಿಗಿಲ್ಲ, ಎದುರಿಗೆ ಯಾರೇ ಬಂದರೂ ಮೊದಲು ಕಾಲಲ್ಲಿರುವುದನ್ನು ನೋಡುತ್ತಾರೆ. ಹೆಣ್ಣು ನೋಡಲು ನನ್ನ ತವರುಮನೆಗೆ ಬಂದಾಗಲೂ ಬಾಗಿಲಲ್ಲಿದ್ದ ನನ್ನ ಚಪ್ಪಲಿಯ ಹಿಮ್ಮಡಿ ಸವೆದ ರೀತಿ ನೋಡಿ, ಹುಡುಗಿ ಸಿಟ್ಟಿನವಳು ಎಂದು ಅತ್ತೆಯ ಕಿವಿಯಲ್ಲಿ ಹೇಳಿದ್ದರಂತೆ. ಅದು ನಿಜವೇ ಆಗಿದ್ದರಿಂದ ನಾನು ಇವತ್ತಿನವರೆಗೂ ತಕರಾರು ಮಾಡಿಲ್ಲ.

ಮೊದಲು ಹೋಗಿದ್ದು ನಿಪ್ಪಾಣಿಗೆ. ಝೆರಾಕ್ಸ್ ಅಂಗಡಿಯ ಮೇಲೆ ಒಂದು ಕೋಣೆ, ಒಳಗೆ ವೆಬ್‌ಸೈಟ್ ಮಾಡುವ ಒಬ್ಬನೇ ಮನುಷ್ಯ. ನಾನು ಕುಳಿತಿದ್ದೇ ತಡ, ಅವನ ಪ್ರಶ್ನೆಗಳು ಶುರುವಾದವು. "ಯಾರ್ ನೋಡ್ಲಿ ಅಂತ ಮಾಡಸ್ತೀರಿ? ಫೋಟೋ ನಿಮ್ಮ ಕಡೆ ಅದಾವೇನ್ರಿ? ಮುಂದ ಏನರ ಬದಲ್ ಮಾಡೂದಿದ್ರ ಯಾರ್ ಮಾಡ್ತೀರಿ?" ವೆಬ್‌ಸೈಟಿನ ವಿಳಾಸ ನಿಮ್ಮ ಹೆಸರಿನಲ್ಲೇ ಇರಬೇಕು, ನನ್ನ ಹೆಸರಿನಲ್ಲಲ್ಲ ಎಂದ. ಹಿಂದೆ ಮಾಡಿದ ಎರಡು ವೆಬ್‌ಸೈಟ್ ತೋರಿಸಿ, ಮಾಡಿಸಿದವರ ಫೋನ್ ನಂಬರ್ ಬರೆದುಕೊಟ್ಟು, ನೀವೇ ವಿಚಾರಿಸಿ ಎಂದ. ನನಗೆ ರೇಗಿಹೋಯಿತು. ಕೆಲಸ ಬಲ್ಲವನಾದರೆ ಇಷ್ಟೊಂದು ಯಾಕೆ ಕೇಳಬೇಕು ಎಂದುಕೊಂಡೆ. ಮಾವ ಒಳಗೆ ಬಂದೇ ಇರಲಿಲ್ಲ. ಬಾಗಿಲ ಹೊರಗೆ ಅವನು ಬಿಟ್ಟಿದ್ದ ರಬ್ಬರ್ ಚಪ್ಪಲಿಯನ್ನು ನೋಡುತ್ತ ನಿಂತಿದ್ದರು. ಕಿತ್ತುಹೋದ ಬಾರಿಗೆ ಸೇಫ್ಟಿ ಪಿನ್ ಚುಚ್ಚಿದ್ದ.

"ತನ್ನ ಕಾಲಾಗಿನ ಚಪ್ಪಲಿ ತಾ ನೋಡ್ಕೊಳ್ಳಾಂವಲ್ಲ. ನಮ್ದೇನ್ ನೋಡ್ತಾನ ಯವ್ವಾ" ಎಂದು ಮೆಟ್ಟಿಲಿಳಿಯುತ್ತ ತೀರ್ಪು ಕೊಟ್ಟರು. ನಂಬರಿನ ಚೀಟಿಯನ್ನು ನಾನು ಪರ್ಸಿನ ತಳಕ್ಕೆ ತುರುಕಿದೆ.

ಚಿಕ್ಕೋಡಿಯ ಕಂಪನಿಗೆ ಗಾಜಿನ ಬಾಗಿಲಿತ್ತು. ಆ ಬಾಗಿಲ ಹೊರಗೆ ಒಂದು ಜೊತೆ ಕೈಹೊಲಿಗೆಯ ತೊಗಲಿನ ಜೋಡು ಇತ್ತು. ಮಾವ ಅಲ್ಲೇ ಮೆಟ್ಟಿಲ ಮೇಲೆ ಕುಳಿತುಬಿಟ್ಟರು. ಎತ್ತಿಕೊಂಡರು, ಬಗ್ಗಿಸಿದರು, ಮೂಸಿದರು. "ಹತ್ತ ವರ್ಷದ ಜೋಡ ಇದು. ಎಣ್ಣಿ ಹಚ್ಚಿ ಹಚ್ಚಿ ಇಟ್ಟಾನ. ಇಂವ ಕೆಲಸ ತಿಳದಾಂವ" ಎಂದರು. ಒಳಗಿದ್ದ ಮಾಲೀಕ ನಮ್ಮನ್ನು ಒಂದೇ ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. "ಎಲ್ಲಾ ನಮಗ ಬಿಡ್ರಿ. ಚಾ ಕುಡೀರಿ" ಎಂದ. ಎಷ್ಟು ದೊಡ್ಡ ಮನುಷ್ಯ ಎಂದು ಖುಷಿಪಟ್ಟು, ಕೆಲಸ ಒಪ್ಪಿಸಿ, ಚಹಾ ಕುಡಿದು ಬಂದೆವು.

ತಿಂಗಳ ನಂತರ ವೆಬ್‌ಸೈಟ್ ತಯಾರಾಗಿದೆ ಎಂದು ಫೋನ್ ಬಂತು. ಅತ್ತೆ ಇಳಕಲ್ ಸೀರೆ ಉಟ್ಟುಕೊಂಡು ನನ್ನ ಜೊತೆ ಇಂಟರ್ನೆಟ್ ಸೆಂಟರಿಗೆ ಬಂದರು. ಪುಟ ತೆರೆಯಿತು. ಬೂಟು ಹಾಕಿಕೊಂಡ ಬಿಳಿ ಹುಡುಗಿಯೊಬ್ಬಳು ಸಮುದ್ರದ ದಂಡೆಯಲ್ಲಿ ಓಡುತ್ತಿದ್ದಳು. ಅವಳ ಕೆಳಗೆ, ನಮ್ಮ ಚಪ್ಪಲಿಗಳು ಅತ್ಯಾಧುನಿಕ ಯಂತ್ರಗಳಲ್ಲಿ ತಯಾರಾಗುತ್ತವೆ ಎಂದಿತ್ತು. ಅದಕ್ಕೂ ಕೆಳಗೆ, ಇಪ್ಪತ್ತನಾಲ್ಕು ತಾಸೂ ಅಂಬುಲೆನ್ಸ್ ಸೇವೆ ಲಭ್ಯ ಎಂದಿತ್ತು. ಯಾವುದೋ ಆಸ್ಪತ್ರೆಗೆ ಮಾಡಿದ್ದನ್ನು ತಿದ್ದಿ ಆ ಮಾಲೀಕ ನಮಗೆ ದಾಟಿಸಿದ್ದ. ನಾನು ಒಂದೊಂದೇ ಸಾಲು ಓದಿ ಹೇಳಿದೆ.

"ನಮ್ಮ ಚಪ್ಪಲ್ ಹಾಕ್ಕೊಂಡವರಿಗೆ ಅಂಬುಲೆನ್ಸ್ ಯಾಕ ಬೇಕಾತ ಬೇ?" ಎಂದು ಅತ್ತೆ ಕೇಳಿದರು. ಪಕ್ಕದ ಕಂಪ್ಯೂಟರಿನವರೆಲ್ಲ ನಕ್ಕರು, ನನಗೂ ನಗು ತಡೆಯಲಾಗಲಿಲ್ಲ. ಆಮೇಲೆ ಅವರು ಮೆಲ್ಲಗೆ, "ಇದರಾಗ ನಾವೆಲ್ಲಿ ಅದೀವಿ?" ಎಂದರು. ನನ್ನ ನಗು ಅಲ್ಲಿಗೇ ನಿಂತಿತು. ಎಲ್ಲೂ ಇರಲಿಲ್ಲ.

ಮರುದಿನವೇ ಚಿಕ್ಕೋಡಿಗೆ ಹೋಗಿ ಆ ಮಾಲೀಕನ ನೀರಿಳಿಸಿದೆ. ಇದನ್ನು ಅಳಿಸಿ, ವಿಳಾಸ ನಮಗೆ ಕೊಡಿ ಎಂದರೆ, ವಿಳಾಸ ತನ್ನ ಹೆಸರಿನಲ್ಲಿದೆ, ಕೊಡಲಾಗದು ಎಂದ. ಹೊರಗೆ ಬಂದರೆ ಬಾಗಿಲಲ್ಲಿ ಆ ಜೋಡು ಇರಲಿಲ್ಲ. ಕೇಳಿದಾಗ, ಅವು ಕಟ್ಟಡದ ಯಜಮಾನರವು, ಅವತ್ತು ಮಾತಾಡಿಸಲು ಬಂದು ಒಳಗಿನ ಕೋಣೆಯಲ್ಲಿ ಕುಳಿತಿದ್ದರು ಎಂದು ಗೊತ್ತಾಯಿತು. ಮಾವನಿಗೆ ಹೇಳಿದೆ. ಅವರು ತೊಗಲು ಕತ್ತರಿಸುತ್ತಲೇ, "ಅದ್ರಾಗ ಜೋಡದ್ದೇನ್ ತಪ್ಪಿಲ್ಲ" ಎಂದರು.

ಪರ್ಸು ಕೊಡವಿ ನಿಪ್ಪಾಣಿಯ ಚೀಟಿ ಹುಡುಕಿದೆ. ಅದರಲ್ಲಿದ್ದ ನಂಬರಿಗೆ ಫೋನ್ ಮಾಡಿದರೆ, ಬೆಲ್ಲದ ವ್ಯಾಪಾರಿಯೊಬ್ಬರು ಎತ್ತಿ, "ಭಾಳ ತಲಿ ತಿಂತಾನ್ರಿ, ಆದ್ರ ಹೇಳಿದ್ದು ಮಾಡ್ತಾನ" ಎಂದರು. ನಾನು ಮೊದಲ ದಿನವೇ ಮಾಡಬೇಕಿದ್ದ ಫೋನ್ ಅದು. ಬಂದವರ ಮೇಲೆಲ್ಲ ರೇಗುವ ಬುದ್ಧಿಯ ನಾನು ಅವತ್ತು ನನ್ನ ಮೇಲೆಯೇ ರೇಗಬೇಕಾಯಿತು.

ಆ ನಿಪ್ಪಾಣಿಯವನು ನಮ್ಮ ಹೆಸರಿನಲ್ಲೇ ಹೊಸ ವಿಳಾಸ ಮಾಡಿಸಿ, ಈ ಸಲ ತಾನೇ ನಮ್ಮ ಮನೆಗೆ ಬಂದ. ಮುಂಜಾನೆಯಿಂದ ಮಧ್ಯಾಹ್ನದವರೆಗೆ ಕುಳಿತು, ಮಾವ ತೊಗಲು ಕತ್ತರಿಸುವುದನ್ನೂ ಅತ್ತೆ ಪಟ್ಟಿ ಹೆಣೆಯುವುದನ್ನೂ ಫೋಟೋ ತೆಗೆದ. ಮೊಳೆ ಯಾಕೆ ಹೊಡೆಯುವುದಿಲ್ಲ, ದಾರವೂ ತೊಗಲಿನದೇ ಯಾಕೆ ಎಂದು ಕೇಳಿ ಕೇಳಿ ಬರೆದುಕೊಂಡ. ಕೊನೆಗೆ ಲ್ಯಾಪ್‌ಟಾಪ್ ತೆರೆದು, "ಯಾರ್ ಮಾಡ್ಯಾರ ಅಂತ ಬರೀಬೇಕಲ್ರಿ, ಹೆಸರ ಹೇಳ್ರಿ" ಎಂದ.

ಮಾವ ತಮ್ಮ ಹೆಸರು, ತಂದೆಯ ಹೆಸರು, ಅಡ್ಡಹೆಸರು ಎಲ್ಲ ಹೇಳಿದರು. ಅವನು ಬರೆದುಕೊಂಡು, "ಹೆಣದು ಹೊಲಿಯೂದೆಲ್ಲಾ ಈ ಅಕ್ಕಾರು ಮಾಡಾಕತ್ತಾರ. ಅವರ ಹೆಸರ?" ಎಂದು ಮಾವನನ್ನೇ ಕೇಳಿದ.

ನಮ್ಮಲ್ಲಿ ಹೆಂಡತಿ ಗಂಡನ ಹೆಸರು ಹೇಳುವುದಿಲ್ಲ. ಮಾವನೂ ಅತ್ತೆಯ ಹೆಸರು ಹೇಳಿದ್ದನ್ನು ನಾನು ಕೇಳಿರಲಿಲ್ಲ. ಕರೆಯುವುದಿದ್ದರೆ "ಏ, ಕೇಳಿಲ್ಲಿ", ಬೇರೆಯವರ ಎದುರಿಗೆ "ನಮ್ಮಾಕಿ". ನಾನೇ ಹೇಳೋಣವೆಂದು ಬಾಯಿ ತೆರೆದೆ. ಅತ್ತೆ ನನ್ನ ಮೊಣಕೈ ಹಿಡಿದು ಒತ್ತಿದರು. ಮಾವ ಗಂಟಲು ಸರಿಮಾಡಿಕೊಂಡರು, ಅಂಗಳದ ಕಡೆ ನೋಡಿದರು, ಕೈಯಲ್ಲಿದ್ದ ತೊಗಲನ್ನು ಕೆಳಗಿಟ್ಟರು. ಆಮೇಲೆ ಬಹಳ ಸಣ್ಣ ದನಿಯಲ್ಲಿ ಅತ್ತೆಯ ಹೆಸರು ಹೇಳಿದರು.

ಅತ್ತೆ ತಲೆ ಎತ್ತಲಿಲ್ಲ, ಹೆಣೆಯುತ್ತಲೇ ಇದ್ದರು. "ಜೋರ್ಲೆ ಹೇಳ್ರಿ, ಅವರಿಗಿ ಕೇಳ್ಸಿಲ್ಲ" ಎಂದರು.

ನಿಪ್ಪಾಣಿಯವನು ಆಗಲೇ ಟೈಪ್ ಮಾಡಿ ಮುಗಿಸಿದ್ದ. ಆದರೂ ಬೆರಳು ಎತ್ತಿ ಹಿಡಿದುಕೊಂಡು ಕಾದ. ಮಾವ ಇನ್ನೊಂದು ಸಲ ಹೇಳಿದರು.