ಮರಿಯಮ್ಮನ ಬಾಣಂತನ

ಹಳಸಿದ ಬಿರಿಯಾನಿಯ ವಾಸನೆ ಬಡಿದರೆ ನಾನು ಸೆರಗಿನಿಂದ ಮೂಗು ಮುಚ್ಚಿಕೊಳ್ಳುವವಳು. ಈ ಸಲ ಕ್ರಿಸ್‌ಮಸ್ಸಿನ ಮಾರನೇ ದಿನ ಹಿಂದೂಪುರದ ನಮ್ಮ ಚರ್ಚಿನ ಹಿತ್ತಿಲ ಕಡೆಯಿಂದ ಹೋಗಬೇಕಾಯ್ತು. ಥೂ, ಏನು ಹೇಳಲಿ! ಎಂಜಲು ತಟ್ಟೆಗಳ ಗುಡ್ಡೆ, ಅದರ ಮೇಲೆ ನಾಯಿಗಳ ಕಿತ್ತಾಟ, ಜುಂಯ್ ಅನ್ನುವ ನೊಣ. ಆ ಗುಡ್ಡೆಯೊಳಗೇ ಯೇಸುಕಂದನಿಗೆ ಹಾಸಿದ್ದ ಹುಲ್ಲು, ಸಾಂಬಾರಲ್ಲಿ ನೆನೆದು ಮುದ್ದೆಯಾದ ಕಾಗದದ ನಕ್ಷತ್ರ. ಹಿಂದಿನ ದಿನ ಅದೇ ಹುಲ್ಲಿನ ಮುಂದೆ ಫೋಟೋ ತೆಗೆಸಿಕೊಳ್ಳೋಕೆ ಒಬ್ಬರನ್ನೊಬ್ಬರು ನೂಕಾಡಿದ ಜನ ಇವರೇ. ಏನಪ್ಪಾ ಇದು ಅಂತ ಕಮಿಟಿಯವನನ್ನ ಕೇಳಿದರೆ, ಹಲ್ಲಿಗೆ ಕಡ್ಡಿ ಹಾಕಿಕೊಳ್ಳುತ್ತಾ “ಅಯಿಪೋಯಿಂದಿ ಕದಕ್ಕಾ” ಅಂದ. ಮುಗಿದೇ ಹೋಯ್ತಂತೆ! ಹುಟ್ಟಿದ ಮಾರನೇ ದಿನವೇ ಕೂಸನ್ನ ತಿಪ್ಪೆಗೆ ಹಾಕಿದವನ ಮುಖ ನೋಡೋಕೆ ಹೇಸಿಗೆಯಾಗಿ ಮನೆಗೆ ಬಂದು ಕಾಲು ತೊಳೆದುಕೊಂಡೆ.

ಆಗ ನೆನಪಾದವಳು ನಮ್ಮ ಜೇಜಿ. ಜೇಜಿ ಅಂದರೆ ನಮ್ಮಪ್ಪನ ತಾಯಿ. ನಾನು ಬೆಳೆದದ್ದು ಕಲ್ಯಾಣದುರ್ಗದಲ್ಲಿ, ಅವಳ ಚಪ್ಪಡಿ ಕಲ್ಲಿನ ಮನೆಯಲ್ಲಿ. ನಿಮ್ಮ ಮನೆಯಲ್ಲೂ ಇಂಥವಳೊಬ್ಬಳು ಇದ್ದಿರಬೇಕು, ಅವಳು ಹೋದ ಮೇಲೆ ಹಬ್ಬಗಳಿಗೆ ರುಚಿ ಇಲ್ಲದಂಗೆ ಆಗಿರಬೇಕು. ಊರವರಿಗೆ ಕ್ರಿಸ್‌ಮಸ್ ಮುಗಿದ ದಿನ ನಮ್ಮನೆಯಲ್ಲಿ ಶುರುವಾಗುತ್ತಿತ್ತು. “ಕೂಸು ಹುಟ್ಟೋಗಂಟ ಹಾಡಿದ್ದೇ ಹಾಡಿದ್ದು, ಹುಟ್ಟಿದ್ ಮ್ಯಾಕೆ ಒಬ್ರಾದ್ರೂ ಇತ್ತಾಗೆ ತಿರುಗಿ ನೋಡ್ತೀರೇನ್ರೋ? ಬಾಣಂತಿ ಗತಿ ಏನು?” ಅಂತ ಬೈಯುತ್ತಲೇ ಒಲೆ ಹಚ್ಚುತ್ತಿದ್ದಳು. ಮೆಣಸು, ಜೀರಿಗೆ ಹುರಿದ ಘಾಟಿಗೆ ನಾವೆಲ್ಲ ಕೆಮ್ಮುತ್ತಾ ಏಳುತ್ತಿದ್ದೆವು. ಆಮೇಲೆ ತುಪ್ಪದಲ್ಲಿ ಕೆಂಪಗಾಗುವ ಬೆಳ್ಳುಳ್ಳಿ, ಸಬ್ಬಸಿಗೆ ಸೊಪ್ಪು, ಕೆಂಡದ ಮೇಲೆ ಸಾಂಬ್ರಾಣಿ. ನಡುಮನೆಯ ಮೂಲೆಯಲ್ಲಿದ್ದ ಯೇಸುವಿನ ತಾಯಿ ಮರಿಯಮ್ಮನ ಮಣ್ಣಿನ ಬೊಂಬೆಗೆ ಕಿವಿ ಮುಚ್ಚುವಂತೆ ಬಟ್ಟೆ ಕಟ್ಟುತ್ತಿದ್ದಳು, ಹಸಿ ಬಾಣಂತಿಗೆ ಶೀತ ಆಗಬಾರದಲ್ಲ. ಮರಿಯಮ್ಮನ ಗಂಡ ಯೋಸೇಪನ ಬೊಂಬೆಯನ್ನ, ಪಾಪ, ಎತ್ತಿ ಹೊಸಲಿನ ಆಚೆ ಇಡುತ್ತಿದ್ದಳು. “ಬಾಣಂತಿ ಇರೋ ತಾವ ಗಂಡಸ್ರಿಗೇನು ಕೆಲ್ಸ?” ಮರಿಯಮ್ಮ ಮೆಣಸಿನ ಸಾರು ಕುಡಿದ ಕಥೆ ಬೈಬಲ್ಲಿನಲ್ಲೇ ಇದೆ ಅಂತ ನಾನು ಬಹಳ ದಿನ ನಂಬಿಕೊಂಡಿದ್ದೆ.

ಮಣ್ಣಿನ ಬೊಂಬೆ ಸಾರು ಕುಡಿಯುತ್ತದೆಯೇ? ಅದು ಮರಿಯಮ್ಮನ ಪಾಲು ಅಂತ ಅಕ್ಕಪಕ್ಕದ ಓಣಿಗಳಲ್ಲಿ ಯಾರು ಬಾಣಂತಿಯೋ ಅವರ ಮನೆಗೆ ಹೋಗುತ್ತಿತ್ತು. ಚಳಿಗಾಲ ಕಳೆಯೋತನಕ ಇದೇ ಅವಳ ಹಬ್ಬ. ಎಲ್ಲರೂ ಕುಡಿಯುತ್ತಿದ್ದರು ಅಂತಲ್ಲ. ನಮ್ಮ ಕೈಯಡಿಗೆ ಮುಟ್ಟದ ಮನೆಗಳಿದ್ದವು, ಅವರಿಗೆ ಹುರಿಯದ ಮೆಣಸು, ಬೆಳ್ಳುಳ್ಳಿಯನ್ನೇ ಕೊಟ್ಟು ಬರುತ್ತಿದ್ದಳು, ಅವರು ಅದಕ್ಕೂ ನೀರು ಚಿಮುಕಿಸಿ ಒಳಗೆ ತಗೊಳ್ಳುತ್ತಿದ್ದರು. ಅದನ್ನ ನೋಡಿದರೆ ನನಗೆ ಮೈಯೆಲ್ಲ ಉರಿಯುತ್ತಿತ್ತು. ಜೇಜಿಗೆ ನಗು. ಬ್ರಹ್ಮಸಮುದ್ರದ ಕಡೆಯಿಂದ ಸೊಸೆಯಾಗಿ ಬಂದಿದ್ದ ಎದುರುಮನೆ ಗಂಗಮ್ಮ ಮಾತ್ರ ಚೊಚ್ಚಲು ಬಾಣಂತನದಲ್ಲಿ ಅತ್ತೆಯ ಕಣ್ಣು ತಪ್ಪಿಸಿ ಸಾರನ್ನೇ ಕುಡಿದು, ಚೊಂಬಿನ ತಳಕ್ಕೆ ಬೆರಳು ಹಾಕಿ ನೆಕ್ಕಿದವಳು.

ಒಂದು ವರ್ಷ ನಮ್ಮ ಚರ್ಚಿನ ಸಂಘಕ್ಕೆ ಹೊಸ ಅಯ್ಯಗಾರು ಬಂದರು. ಪಾದ್ರಿಗಳನ್ನ ನಮ್ಮ ಕಡೆ ಅಯ್ಯಗಾರು ಅಂತಲೇ ಕರೆಯೋದು. ಹಬ್ಬ ಕಳೆದು ಮನೆಗೆ ಬಂದವರು ಜೇಜಿ ಮಾಡಿದ್ದ ಕರ್ಜಿಕಾಯಿಗಳನ್ನೆಲ್ಲ ತಿಂದು, ಬಾಯಿ ಒರೆಸಿಕೊಂಡು, ಮೂಲೆಯಲ್ಲಿ ಕಿವಿ ಕಟ್ಟಿಕೊಂಡು ಕೂತಿದ್ದ ಮರಿಯಮ್ಮನ ಕಡೆ ನೋಡಿದರು. “ಇದೇಮಿಟಿ ಜೇಜಮ್ಮಾ? ವಿಗ್ರಹಾರಾಧನ!” ಬೊಂಬೆಪೂಜೆಯಂತೆ! ಉಂಡ ಮನೆಯ ಜಂತೆ ಎಣಿಸೋದು ಅಂದರೆ ಇದೇ. ಇದನ್ನೆಲ್ಲ ಬಿಟ್ಟು ಸಂಘದ ಮುಂದೆ ತಪ್ಪಾಯ್ತು ಅನ್ನಬೇಕು, ಇಲ್ಲದಿದ್ದರೆ ತಿಂಗಳಿಗೊಮ್ಮೆ ಯೇಸುವಿನ ನೆನಪಿಗೆ ಬಾಯಿಗಿಡುವ ಕರ್ತನ ರೊಟ್ಟಿ ದ್ರಾಕ್ಷಾರಸ ಕೊಡೋದಿಲ್ಲ ಅಂದರು. ಜೇಜಿ ಬೊಂಬೆಗಳನ್ನ ಹಳೇ ಸೀರೆಯಲ್ಲಿ ಸುತ್ತಿ ಅಟ್ಟಕ್ಕೆ ಹಾಕಿದಳು. ಬೆಳಗಾದರೆ ಒಲೆಯ ಮೇಲೆ ಮತ್ತೆ ಮೆಣಸಿನ ಘಾಟು. ಅಪ್ಪ ಗಾಬರಿಯಾಗಿ ನೋಡಿದರೆ, “ಬೊಂಬೆ ಬ್ಯಾಡ ಅಂದ್ರು, ತೆಗ್ದಿಕ್ದೆ ಕಣಪ್ಪ. ಬಾಣಂತಿಗೆ ಸಾರು ಬ್ಯಾಡ ಅನ್ನೋಕೆ ಆವಯ್ಯ ಯಾರು?” ಅಂತ ಚೊಂಬು ಹಿಡಿದು ಹೊರಟೇಬಿಟ್ಟಳು.

ತಿಂಗಳ ಮೊದಲನೇ ಭಾನುವಾರ ಚರ್ಚಿನಲ್ಲಿ ಎಲ್ಲರೂ ಸಾಲಾಗಿ ಮೊಣಕಾಲೂರಿದೆವು. ರೊಟ್ಟಿ ಬಾಯಿಗೆ ಬಿದ್ದವರು ನುಂಗಿ “ಆಮೆನ್” ಅನ್ನುತ್ತಿದ್ದರು. ಜೇಜಿ ಬಿಳಿ ಸೀರೆ ಉಟ್ಟು, ಎದೆಗೆ ಕೈ ಜೋಡಿಸಿ, ಕಣ್ಣು ಮುಚ್ಚಿ ಬಾಯಿ ತೆರೆದಿದ್ದಳು. ಅಯ್ಯಗಾರು ಸೆಗಣಿ ದಾಟುವಂತೆ ನಿಲುವಂಗಿ ಎತ್ತಿಕೊಂಡು ಅವಳನ್ನ ದಾಟಿ ಹೋದರು. ತೆರೆದ ಬಾಯಿ ಹಂಗೇ ಇತ್ತು. ಅಷ್ಟು ಜನ, ಎಲ್ಲರೂ ತಮ್ಮ ತಮ್ಮ ಪಾಲಿಗೆ ಬಾಯಿ ತೆರೆದರು, ನಮ್ಮಪ್ಪನೂ. ಅವಳ ಮನೆಯ ಕರ್ಜಿಕಾಯಿ ತಿಂದ ಬಾಯಿಗಳೇ ಅವೆಲ್ಲ. ಛೀ! ಜೇಜಿ ಮಾತ್ರ ಮನೆಗೆ ಬಂದು ಸೊಪ್ಪು ಸೋಸೋಕೆ ಕೂತಳು.

ಹಂಗೇ ವರ್ಷಗಳು ಹೋದವು. ತಿಂಗಳಿಗೊಮ್ಮೆ ಬಿಳಿ ಸೀರೆ ಉಟ್ಟು ಹೋಗುತ್ತಿದ್ದಳು, ಖಾಲಿ ಬಾಯಲ್ಲಿ ಬರುತ್ತಿದ್ದಳು. ಹಬ್ಬ ಮುಗಿದ ಮಾರನೇ ದಿನ ಎಂದಿನಂತೆ ಹಾಡಿಕೊಂಡು ಬೆಳ್ಳುಳ್ಳಿ ಸುಲಿಯುತ್ತಿದ್ದಳು. ಸೋತಿದ್ದಳು ಅಂತ ಯಾರೂ ಹೇಳುವಂತಿರಲಿಲ್ಲ. ಒಂದೇ ಒಂದು ಸಲ, ಜಗುಲಿ ಮೇಲೆ ಕೂತಿದ್ದಾಗ, ಅಪ್ಪನನ್ನ ಕೇಳಿದಳು. “ಸಾಯೋ ಹೊತ್ಗಾದ್ರೂ ಕೊಟ್ಟಾರೇನ್ಲಾ?” ಅಪ್ಪ ಎದ್ದು ಒಳಗೆ ಹೋದ.

ಅವಳು ಹಾಸಿಗೆ ಹಿಡಿದದ್ದೂ ಹಬ್ಬ ಕಳೆದ ಮೇಲೇ. ಅಪ್ಪ ಕಾಲು ಹಿಡಿದು ಕರೆದ ಮೇಲೆ ಅಯ್ಯಗಾರು ಚೀಲದಲ್ಲಿ ರೊಟ್ಟಿ, ಬಟ್ಟಲು ಇಟ್ಟುಕೊಂಡು ಬಂದರು. ಮೈಗೆಲ್ಲ ಸೆಂಟು ಹಾಕಿಕೊಂಡಿದ್ದರು. “ತಪ್ಪೈಂದನಿ ಒಕ್ಕ ಮಾಟ ಚೆಪ್ಪು ಜೇಜಮ್ಮಾ,” ಅಂದರು. ತಪ್ಪಾಯ್ತು ಅಂತ ಒಂದು ಮಾತು, ಅಷ್ಟೇ. ಜೇಜಿ ಆ ಚೀಲವನ್ನೇ ನೋಡಿದಳು. ಅವಳಿಗೆ ಅದೆಷ್ಟು ಬೇಕಾಗಿತ್ತು ಅಂತ ಆ ಕಣ್ಣಲ್ಲೇ ಕಂಡಿತು. “ಆಗಕಿಲ್ಲ ಅಯ್ಯಗಾರೂ,” ಅಂದಳು. “ಬಾಣಂತೀರು ಕುಡ್ದು ಎದೆಹಾಲು ಕೊಟ್ಟವ್ರೆ. ಆ ಮಕ್ಳು ಬೆಳ್ದು ಓಡಾಡ್ತಾವೆ. ಅದ್ನ ತಪ್ಪು ಅಂತ ಹೆಂಗನ್ಲಿ?” ಅಯ್ಯಗಾರು ಚೀಲದ ಜಿಪ್ ಎಳೆದುಕೊಂಡು ಎದ್ದರು. ಆ ಸೆಂಟಿನ ವಾಸನೆ ಕೋಣೆಯಲ್ಲೇ ಉಳಿಯಿತು. ಸಂಘದ ಹಿರಿಯರು ಅಂಗಳದಲ್ಲಿ ನಿಂತು, ಕರ್ತನ ರೊಟ್ಟಿ ಸಿಗದ ಮುದುಕಿಯನ್ನ ಎಲ್ಲಿ ಹೂಳೋದು ಅಂತ ಆಗಲೇ ಮಾತಿಗೆ ಶುರುಮಾಡಿದ್ದರು.

ಅವರನ್ನೆಲ್ಲ ಸರಿಸಿಕೊಂಡು ಎದುರುಮನೆ ಗಂಗಮ್ಮ ಬಂದಳು. ಯಾರನ್ನೂ ಕೇಳಲಿಲ್ಲ. ಜೇಜಿಯ ತಲೆ ಎತ್ತಿ ತೊಡೆ ಮೇಲೆ ಇಟ್ಟುಕೊಂಡು, “ನಾನೇ ಕಾಸ್ಕೊಂಡು ಬಂದೀನಿ ಕಣಮ್ಮ, ಒಂದು ಗುಟುಕು ಕುಡಿ,” ಅಂತ ಮೆಣಸಿನ ಸಾರಿನ ಲೋಟ ತುಟಿಗೆ ಹಿಡಿದಳು. ಜೇಜಿ ಎದೆಯ ಮೇಲೆ ಎರಡೂ ಕೈ ಜೋಡಿಸಿದಳು. ಕಣ್ಣು ಮುಚ್ಚಿ, ಬಾಯಿ ತೆರೆದಳು. ನಿಧಾನಕ್ಕೆ ನುಂಗಿದಳು. ಆಮೇಲೆ, ಅಂಗಳದಲ್ಲಿದ್ದವರಿಗೂ ಕೇಳುವ ಹಂಗೆ, “ಆಮೆನ್” ಅಂದಳು.