ಸಂಬಂಧವಿಲ್ಲ ಎಂದು ಸಹಿ ಹಾಕಿದ ಅಣ್ಣ

ಮೊನ್ನೆ ಬೆಳಿಗ್ಗೆ ಪಕ್ಕದ ಮನೆಯಲ್ಲಿ ಹುರುಳಿ ಬೇಯುತ್ತಿತ್ತು. ಬೆಳ್ಳುಳ್ಳಿ, ಜೀರಿಗೆ ಕುಟ್ಟಿ ಹಾಕಿದ ಹುರುಳಿಕಟ್ಟಿನ ವಾಸನೆ ಕೊಯಮತ್ತೂರಿನ ಹತ್ತಿರದ ಪೆರಿಯನಾಯಕನಪಾಳ್ಯದ ನಮ್ಮ ಬೀದಿಗೆ ಹೊಸದೇನಲ್ಲ. ಆದರೂ ಅಂದು ಅದು ಮೂಗಿಗೆ ಬಡಿದದ್ದೇ ತಡ, ಹಾಲಿನ ಪಾತ್ರೆ ಹಿಡಿದುಕೊಂಡು ಬಾಗಿಲಲ್ಲೇ ನಿಂತುಬಿಟ್ಟೆ. ಇಥಿಯೋಪಿಯಾದ ಚಳಿಯ ಬೆಳಗು, ಕಂಪನಿ ಕ್ವಾರ್ಟರ್ಸಿನ ಅಡುಗೆಮನೆ, ಮಫ್ಲರ್ ಸುತ್ತಿಕೊಂಡು ಕುಕ್ಕರಿಗೆ ಕಾವಲು ಕೂತ ಅಣ್ಣ...

ಅಣ್ಣ ಎಂದರೆ ಒಡಹುಟ್ಟಿದವನಲ್ಲ. ತಿರುಪ್ಪೂರಿನ ಕಟಿಂಗ್ ಮಾಸ್ಟರ್. ಬನಿಯನ್ ಕಂಪನಿಯೊಂದು ಇಥಿಯೋಪಿಯಾದಲ್ಲಿ ಕಾರ್ಖಾನೆ ತೆರೆದಾಗ ಬಟ್ಟೆ ಕತ್ತರಿಸುವ ವಿಭಾಗಕ್ಕೆ ಅವನು ಹೋಗಿದ್ದ. ಅದೇ ಕಾರ್ಖಾನೆಗೆ ನಾನು, ನನ್ನ ಗಂಡ ಕ್ವಾಲಿಟಿ ನೋಡಲು ಹೋಗಿದ್ದೆವು. ಮೊದಲ ದಿನ ಕ್ಯಾಂಟೀನಿನಲ್ಲಿ ನಾವಿಬ್ಬರೂ, ತಮಿಳುನಾಡಿನಲ್ಲಿ ನೆಲೆಸಿದ ನಮ್ಮವರ ಮನೆಯ ಕನ್ನಡದಲ್ಲಿ ಜಗಳವಾಡುತ್ತಿದ್ದೆವು, ಯಾರಿಗೂ ತಿಳಿಯುವುದಿಲ್ಲ ಎಂಬ ಧೈರ್ಯದ ಮೇಲೆ. ಹಿಂದಿನ ಟೇಬಲ್ಲಿನಿಂದ ಒಬ್ಬ ಎದ್ದು ಬಂದು, ನನ್ನ ಪರವಾಗಿ ಎರಡು ಮಾತು ಆಡಿ, ಆಮೇಲೆ ಯಾವ ಊರು, ಯಾವ ಕುಲ ಎಂದು ಕೇಳಿದ. ನಮ್ಮವರಲ್ಲಿ ಇದು ಹೆಸರು ಕೇಳುವುದಕ್ಕೂ ಮುಂಚಿನ ಪ್ರಶ್ನೆ. ಒಂದೇ ಕುಲದವರಾದರೆ ಎಷ್ಟೇ ದೂರದವರಾದರೂ ಒಡಹುಟ್ಟಿದವರ ಲೆಕ್ಕ; ಆ ನಂಟಿಗೆ ನಾವು ಸೊಂದ ಎನ್ನುತ್ತೇವೆ. ನನ್ನ ತವರಿನ ಕುಲವೂ ಅವನದೂ ಒಂದೇ ಎಂದಾಯಿತು. ನನಗೆ ಅಣ್ಣತಮ್ಮಂದಿರಿಲ್ಲ, ಅವನಿಗೆ ಅಕ್ಕತಂಗಿಯರಿಲ್ಲ ಎಂದು ತಿಳಿದ ಮೇಲಂತೂ ಕೇಳುವುದೇ ಬೇಡ. ಸಂಜೆಯೇ ಹುರುಳಿಕಟ್ಟು ತಂದುಕೊಟ್ಟು, ನನ್ನ ಗಂಡನನ್ನು ಮನೆಯ ಅಳಿಯನಂತೆ ಮಾಪ್ಳೆ ಎಂದು ಕರೆದು, ತಂಗಿಯನ್ನು ಸರಿಯಾಗಿ ನೋಡಿಕೊಳ್ಳಬೇಕೆಂದು ತಾಕೀತು ಮಾಡಿ ಹೋದ. ಗಂಡನಿಗೆ ಇದು ಅಷ್ಟಾಗಿ ಹಿಡಿಸಲಿಲ್ಲ. ನನಗೆ ಬಹಳ ಹಿಡಿಸಿತು.

ಮೂರು ವರ್ಷದ ಮಗಳನ್ನು ಊರಿನಲ್ಲಿ ಅಮ್ಮನ ಹತ್ತಿರ ಬಿಟ್ಟು ಹೋಗಿದ್ದೆವು, ಅಲ್ಲಿ ನೆಲೆಯಾದ ಮೇಲೆ ಕರೆಸಿಕೊಂಡರಾಯಿತು ಎಂದು. ಮೊದಮೊದಲು ವಿಡಿಯೋ ಕಾಲ್ ಮಾಡಿದರೆ ಫೋನಿಗೇ ಮುತ್ತು ಕೊಡುತ್ತಿದ್ದಳು. ಬರಬರುತ್ತಾ ಬಾಗಿಲ ಹಿಂದೆ ಅಡಗತೊಡಗಿದಳು. ಒಂದು ದಿನ ಅಮ್ಮ ಅವಳನ್ನು ಎಳೆದು ಕೂರಿಸಿ, ಇದು ಯಾರು ಹೇಳು ಎಂದರೆ, ಫೋನ್ ಆಂಟಿ ಅಂದಳು. ಎಲ್ಲರೂ ನಕ್ಕರು. ನಾನೂ ನಕ್ಕು, ಆಮೇಲೆ ಬಚ್ಚಲಿಗೆ ಹೋಗಿ ಅತ್ತೆ.

ಅವಳ ಪಾಸ್‌ಪೋರ್ಟಿಗಾಗಿ ಕೊಯಮತ್ತೂರಿನಲ್ಲಿ ಅಮ್ಮ ಓಡಾಡಬೇಕಾದರೆ, ನಾವಿಬ್ಬರೂ ಅಮ್ಮನಿಗೆ ಅಧಿಕಾರ ಕೊಟ್ಟ ಪತ್ರವೊಂದು ಬೇಕಿತ್ತು. ಅದಕ್ಕೆ ಆಡಿಸ್ ಅಬಾಬದ ನಮ್ಮ ರಾಯಭಾರ ಕಚೇರಿಯ ಮುದ್ರೆ ಬೀಳಬೇಕು, ಇಬ್ಬರು ಭಾರತೀಯರು ಸಾಕ್ಷಿ ಹಾಕಬೇಕು. ಶಿಪ್‌ಮೆಂಟ್ ಗಡಿಬಿಡಿಯಲ್ಲಿ ಒಂದು ದಿನ ರಜೆ ಸಿಕ್ಕಿದ್ದೇ ಪುಣ್ಯ. ಅದು ಕೈತಪ್ಪಿದರೆ ಇನ್ನು ಯಾವ ಕಾಲಕ್ಕೋ. ಕಂಪನಿಯ ವ್ಯಾನಿನಲ್ಲಿ ಹೊರಟೆವು. ಸಾಕ್ಷಿಗೆ ಕೇರಳದ ಅಕೌಂಟೆಂಟ್ ಒಬ್ಬರು, ಜೊತೆಗೆ ಅಣ್ಣ. ಹೆಣ್ಣು ನೋಡಲು ಹೊರಟವನ ಹಾಗೆ ಬಿಳಿ ಪಂಚೆ, ಬಿಳಿ ಶರಟು, ಅದರ ಮೇಲೆ ಚಳಿಗೆಂದು ಯಾರದೋ ಕೆಂಪು ಸ್ವೆಟರ್.

ಕೌಂಟರಿನ ಹೆಂಗಸು ಪತ್ರವನ್ನೆಲ್ಲ ನೋಡಿ, ಇವರು ನಿಮಗೆ ಹೇಗೆ ಪರಿಚಯ ಎಂದು ಅಣ್ಣನನ್ನು ಕೇಳಿದಳು. ಅಣ್ಣ ಎದೆಯುಬ್ಬಿಸಿ, ತನಗೆ ಬರುತ್ತಿದ್ದ ಅಷ್ಟಿಷ್ಟು ಇಂಗ್ಲಿಷನ್ನು ಅಲ್ಲೇ ಖರ್ಚು ಮಾಡಿದ: "ಮೈ ಸಿಸ್ಟರ್."

ಅವಳು ಪೆನ್ನು ಕೆಳಗಿಟ್ಟಳು. ನೆಂಟರು ಸಾಕ್ಷಿ ಹಾಕುವಂತಿಲ್ಲವಂತೆ. ನನ್ನ ಗಂಡ ಗಾಬರಿಬಿದ್ದು, ನೆಂಟರೇ ಅಲ್ಲ ಮೇಡಂ ಎಂದ. ಅಣ್ಣ ಅವನನ್ನು ನುಂಗುವಂತೆ ನೋಡಿ ಮತ್ತೊಮ್ಮೆ ಸಿಸ್ಟರ್ ಎಂದ. ಮೊದಲು ನಿಮ್ಮ ನಿಮ್ಮಲ್ಲೇ ತೀರ್ಮಾನ ಮಾಡಿಕೊಂಡು ಬನ್ನಿ, ಮಧ್ಯಾಹ್ನಕ್ಕೆ ಕೌಂಟರ್ ಮುಚ್ಚುತ್ತದೆ ಎಂದು ಹೇಳಿ ಅವಳು ಹಿಂದಿನವರನ್ನು ಕರೆದಳು. ಅವಳದೇನೂ ತಪ್ಪಿಲ್ಲ.

ಹೊರಗೆ ಮರದ ಕೆಳಗೆ ಪಂಚಾಯಿತಿ ಶುರುವಾಯಿತು. ಬರೀ ಕಾಗದದ ಮಾತು ಎಂದು ಗಂಡ ಕಾಲು ಹಿಡಿಯುವುದೊಂದು ಬಾಕಿ. ಅಕೌಂಟೆಂಟರು ಗಡಿಯಾರ ನೋಡುತ್ತಾ ನಿಂತಿದ್ದರು. ಅಣ್ಣ ನನ್ನ ಕಡೆ ತಿರುಗಿದ.

"ಒಂದೇ ಕುಲ ಅಮ್ಮಣಿ. ಸೊಂದ ಇಲ್ಲ ಅಂತ ನಾ ಎಂಗೆ ಏಳಾದು? ಬಾಯಲ್ಲಿ ಬರಾದಿಲ್ಲ."

ನನಗೆ ಸಿಟ್ಟು ನೆತ್ತಿಗೇರಿತು. "ಅಣ್ಣನಾಗಾದು ಆಮೇಲ ಆಗು. ನನ್ ಮಗು ನನ್ನ ಮರೀತಾ ಐತೆ" ಎಂದೆ.

ಅಣ್ಣ ಪಂಚೆಯ ಅಂಚು ತಿಕ್ಕುತ್ತಾ, ಮಗುವಿಗೆ ಕಿವಿ ಚುಚ್ಚಿಸಿದ್ದೀರಾ ಎಂದು ಕೇಳಿದ. ಇಲ್ಲ ಎಂದೆ. ಸೋದರಮಾವನ ಮಡಿಲಲ್ಲಿ ಕೂರಿಸಿ ಚುಚ್ಚಿಸಬೇಕು, ಅವಳಿಗೆ ಮಾವನೆಲ್ಲಿ? ಹಾಗಾದರೆ ಅದು ತನ್ನ ಮಡಿಲಲ್ಲೇ ಆಗಬೇಕು, ಮಾತು ಕೊಡು ಎಂದ. ಕೊಟ್ಟೆ. ಅವನು ಸ್ವೆಟರ್ ಜಗ್ಗಿ ಸರಿಮಾಡಿಕೊಂಡು ಒಳಗೆ ನಡೆದ.

ಕೌಂಟರಿನ ಮುಂದೆ, ನನ್ನ ಕಡೆ ನೋಡದೆ, ಯಾವ ಸಂಬಂಧವೂ ಇಲ್ಲ ಎಂದು ತಲೆಯಾಡಿಸಿದ. ತಮಿಳಿನಲ್ಲಿ ದೊಡ್ಡದಾಗಿ ಸಹಿ ಹಾಕಿದ, ಅವನ ಮಾತಿನಲ್ಲಿ ಕೈಯೆಳ್ತು. ಪೆನ್ನು ಇಟ್ಟವನೇ ಮೇಲೆ ನೋಡಿ, ತಪ್ಪಾಯಿತು ತಪ್ಪಾಯಿತು ಎಂದು ಕುಲದೇವರಿಗೆ ಎರಡೂ ಕೆನ್ನೆ ಬಡಿದುಕೊಂಡ. ಇವರಿಗೇನಾಯಿತು ಎಂದು ಆ ಹೆಂಗಸು ಕೇಳಿದಳು. ಹಲ್ಲುನೋವು ಎಂದ ನನ್ನ ಗಂಡ. ಮುದ್ರೆ ಬಿತ್ತು.

ಅಮ್ಮ ಮಗುವನ್ನು ಕರೆದುಕೊಂಡು ಬಂದಳು. ಮಗಳು ಒಂದು ವಾರ ನನ್ನನ್ನು ಆಂಟಿ ಎಂದೇ ಕರೆದು, ಆಮೇಲೆ ತಾನಾಗಿಯೇ ಸರಿಹೋದಳು. ರಜೆಗೆ ಊರಿಗೆ ಬಂದಾಗ ಕುಲದೇವರ ಗುಡಿಯಲ್ಲಿ ಅಣ್ಣನ ಮಡಿಲಲ್ಲಿ ಕಿವಿ ಚುಚ್ಚಿಸಿದೆವು. ಉರಿಗೆ ಅವಳು ಅವನ ಹೆಬ್ಬೆರಳನ್ನು ಕಚ್ಚಿ ಹಿಡಿದಳು. ಆ ಹಲ್ಲಿನ ಗುರುತನ್ನು ಅವನು ಪದಕ ಸಿಕ್ಕಿದವನಂತೆ ತಿರುಪ್ಪೂರಿನವರಿಗೆಲ್ಲ ತೋರಿಸಿಕೊಂಡು ತಿರುಗಿದನಂತೆ. ಇಥಿಯೋಪಿಯಾದ ಕಾರ್ಖಾನೆ ಮುಚ್ಚಿ ನಾವೆಲ್ಲ ಮರಳಿದ ಮೇಲೂ ಹೋಗಿಬರುವುದು ನಿಲ್ಲಲಿಲ್ಲ...

ಹೋದ ವರ್ಷ ಅವನನ್ನು ಕೊಯಮತ್ತೂರಿನ ಆಸ್ಪತ್ರೆಗೆ ಸೇರಿಸಿದರು. ಉಸಿರಿನ ತೊಂದರೆ. ಐಸಿಯು ಬಾಗಿಲಲ್ಲಿ ನರ್ಸು ನನ್ನನ್ನು ತಡೆದು, ರಕ್ತಸಂಬಂಧಿಗಳಿಗೆ ಮಾತ್ರ ಎಂದಳು. ತಂಗಿ ಎಂದೆ. ಬಿಟ್ಟಳು.

ಅಣ್ಣ ಮುಖದ ಮಾಸ್ಕ್ ಸರಿಸಿ ನನ್ನನ್ನೇ ನೋಡಿದ. "ಸೊಂದ ಇಲ್ಲ ಅಂತ ಕೈಯೆಳ್ತು ಆಕಿದ್ನಲ್ಲ ಅಮ್ಮಣಿ, ನಿನ್ನ ಎಂಗೆ ಒಳಗ ಬುಟ್ರು?"

ಇಬ್ಬರೂ ನಕ್ಕೆವು. ಅವನ ನಗು ಕೆಮ್ಮಿಗೆ ತಿರುಗಿತು, ನರ್ಸು ಬಂದು ನನ್ನನ್ನು ಹೊರಗೆ ಕಳಿಸಿದಳು. ಅದೇ ಕೊನೆ.

ಮಗಳು ಈಗ ಹೈಸ್ಕೂಲು. ಅಮ್ಮ ಗಟ್ಟಿಯಾಗಿದ್ದಾಳೆ, ಗಂಡನೂ ನಾನೂ ಮನೆಯ ಕನ್ನಡದಲ್ಲಿ ಇನ್ನೂ ಜಗಳವಾಡುತ್ತೇವೆ. ಯಾವುದಕ್ಕೂ ಕೊರತೆಯಿಲ್ಲ. ಆದರೆ ಈಗ ನಾನು ಯಾರ ತಂಗಿಯೂ ಅಲ್ಲ.