ಉರಿ ವಾಲಿದ ಕಡೆ

ರೈಲಿನ ಸೀಟು, ಪರದೆಗಳ ಬಟ್ಟೆಗೆ ಬೆಂಕಿ ಎಷ್ಟು ಬೇಗ ಹತ್ತುತ್ತದೆ ಎಂದು ನೋಡುವ ಯಂತ್ರಗಳ ರಿಪೇರಿ ನನ್ನ ಕೆಲಸ. ಗೌರಿಬಿದನೂರಿನ ಹತ್ತಿರದ ಒಂದು ಮಿಲ್ಲಿನವರು ಉರಿ ನೆಟ್ಟಗೆ ನಿಲ್ಲುತ್ತಿಲ್ಲ ಎಂದು ಕರೆಸಿದ್ದರು. ಯಂತ್ರವೆಂದರೆ ಗಾಜಿನ ಬಾಗಿಲಿನ ಪೆಟ್ಟಿಗೆ, ಒಳಗೊಂದು ಸಣ್ಣ ಬರ್ನರ್. ಬಾಗಿಲು ಮುಚ್ಚಿದರೆ ಒಳಗೆ ಗಾಳಿಯಾಡುವುದಿಲ್ಲ.

ನಾನು ಹಚ್ಚಿದಾಗ ಉರಿ ನೆಟ್ಟಗೇ ಇತ್ತು. ಅಷ್ಟರಲ್ಲಿ ಆ ಯಂತ್ರ ನಡೆಸುವ ಗಿರಿಜಮ್ಮ ಕೋಣೆಗೆ ಬಂದರು. ಉರಿ ಮೆಲ್ಲಗೆ ಅವರತ್ತ ವಾಲಿತು.

"ನಾನು ಬಂದ್ರೆ ಮಾತ್ರ ಹಿಂಗೆ ಸಾರ್. ಆ ಕಡೆ ಹೋಗ್ತೀನಿ, ನೋಡ್ತಾ ಇರಿ."

ಅವರು ಯಂತ್ರವಿದ್ದ ಮೇಜು ಸುತ್ತಿ ಆಚೆ ನಿಂತರು. ಉರಿಯೂ ಆಚೆ ತಿರುಗಿತು. ಬಾಗಿಲಿನ ರಬ್ಬರ್ ಬದಲಿಸಿದೆ, ಕೋಣೆಯ ಫ್ಯಾನ್ ನಿಲ್ಲಿಸಿದೆ. ಏನೂ ವ್ಯತ್ಯಾಸವಾಗಲಿಲ್ಲ.

"ಮನೇಲಿ ಒಲೆ ಹಚ್ಚೋಕೂ ಭಯ ಆಗ್ತದೆ. ನನ್ನ ಬೇರೆ ಕೆಲಸಕ್ಕೆ ಹಾಕಿ ಅಂದ್ರೆ ಮ್ಯಾನೇಜರ್ ನಗ್ತಾರೆ," ಎಂದರು.

ಬರ್ನರಿನ ಗ್ಯಾಸ್ ಆಕೆಗೆ ಒಗ್ಗುತ್ತಿಲ್ಲ ಎಂದು ಮ್ಯಾನೇಜರಿಗೆ ಸುಳ್ಳು ಹೇಳಿದೆ. ಅವತ್ತೇ ಆಕೆಯನ್ನು ಪ್ಯಾಕಿಂಗ್ ವಿಭಾಗಕ್ಕೆ ಕಳಿಸಿದರು. ಗಿರಿಜಮ್ಮ ಕೈ ಮುಗಿದು ಹೋದರು.

ಹೊರಡುವ ಮುಂಚೆ ಒಬ್ಬನೇ ಇನ್ನೊಮ್ಮೆ ಹಚ್ಚಿದೆ. ಉರಿ ಸ್ವಲ್ಪ ಹೊತ್ತು ನೆಟ್ಟಗಿತ್ತು. ಆಮೇಲೆ ಯಾರನ್ನೋ ಹುಡುಕುವಂತೆ ಅತ್ತಿತ್ತ ಆಡಿ, ನನ್ನ ಕಡೆ ವಾಲಿ ನಿಂತಿತು.

ನಾನು ಮತ್ತೆ ಆ ಮಿಲ್ಲಿಗೆ ಹೋಗಿಲ್ಲ, ಈಗ ನನ್ನ ಸಹೋದ್ಯೋಗಿ ಹೋಗುತ್ತಾನೆ. ಯಂತ್ರ ಹೇಗಿದೆ ಅಂತ ಅವನೂ ಹೇಳಿಲ್ಲ, ನಾನೂ ಕೇಳಿಲ್ಲ.